ಮಳೆಮರದ ಕೆಳಗಿನ ಬೆಂಚು

ಜಗತ್ತಿನ ಧರ್ಮಗಳ ಇತಿಹಾಸವನ್ನು ಮುಂದೆ ಯಾರಾದರೂ ಸಾವಧಾನವಾಗಿ ಕೂತು ಬರೆಯುವುದಾದರೆ, ಡಬ್ಬದೊಳಗೆ ಒಣಗಿಹೋದ ಕೆಂಪು ಬಣ್ಣಕ್ಕೆ ಅದರಲ್ಲಿ ಒಂದು ಅಧ್ಯಾಯವನ್ನಾದರೂ ಮೀಸಲಿಡಬೇಕು. ಯಾರೋ ಮುಚ್ಚಳ ಸರಿಯಾಗಿ ಮುಚ್ಚಿರಲಿಲ್ಲ, ಅಷ್ಟೆ. ಆದರೆ ಆ ಮುಚ್ಚಳ ಸರಿಯಾಗಿ ಕೂತಿದ್ದರೆ ದೊಡ್ಡಾಸ್ಪತ್ರೆಯ ಗೇಟಿನೆದುರು ಒಂದು ದೈವ ಹುಟ್ಟುತ್ತಿರಲಿಲ್ಲ, ನಿವೃತ್ತ ಪ್ರೊಫೆಸರರಿಗೆ ಮತ್ತೆ ಶ್ರೋತೃಗಳು ಸಿಗುತ್ತಿರಲಿಲ್ಲ, ಟಕ್‌ಟಕ್ ಮೇಡಮ್ಮಿಗೆ ತಟ್ಟೆಯ ಮುಂದೆ ಕೂತರೂ ತುತ್ತು ಇಳಿಯದ ಆ ದಿನಗಳೂ ಬರುತ್ತಿರಲಿಲ್ಲ.

ಟಕ್‌ಟಕ್ ಮೇಡಂ ನಗರಸಭೆಯ ಮರಗಳ ತಪಾಸಣೆಯವಳು. ಬೀದಿಬದಿಯ ಮರಗಳನ್ನು ಮರದ ಕೊಡತಿಯಿಂದ ಬಡಿದು, ತೊಗಟೆಗೆ ಕಿವಿಯಿಟ್ಟು, ಒಳಗೆ ಗಟ್ಟಿಯೋ ಪೊಳ್ಳೋ ಹೇಳುವುದು ಅವಳ ಉದ್ಯೋಗ. ಗಟ್ಟಿ ಮರ ‘ಟಕ್’ ಎನ್ನುತ್ತದೆ, ಪೊಳ್ಳಾದದ್ದು ‘ಡಬ್’ ಎನ್ನುತ್ತದೆ. ಹಾಗೆ ನೋಡಿದರೆ ಅವಳಿಗೆ ತಿಂಗಳ ಸಂಬಳ ಬರುವುದು ಡಬ್ ಎನ್ನುವ ಮರಗಳಿಂದ, ಹೆಸರು ಬಂದದ್ದು ಮಾತ್ರ ಟಕ್ ಎನ್ನುವವುಗಳಿಂದ. ಕೊಂಬೆ ಸವರಬೇಕಾದ ಮರಕ್ಕೆ ಹಳದಿ ಪಟ್ಟಿ ಬಳಿಯಬೇಕು, ಬುಡಸಮೇತ ಕಡಿಯಬೇಕಾದದ್ದಕ್ಕೆ ಕೆಂಪು ಪಟ್ಟಿ. ಹಿಂದಿನಿಂದ ಬರುವ ಕಡಿಯುವ ತಂಡ ಬಣ್ಣ ನೋಡಿ ಗರಗಸ ಹಚ್ಚುತ್ತದೆ.

ಆಸ್ಪತ್ರೆಯ ಗೇಟಿನೆದುರಿನ ಮಳೆಮರ ಸ್ಪಷ್ಟವಾಗಿ ಡಬ್ ಎಂದಿತು. ಬುಡದಲ್ಲಿ ಕಂದು ಬಣ್ಣದ ಅಣಬೆಗಳು ಚಹಾ ಬಸಿಯಷ್ಟಗಲ ಬೆಳೆದಿದ್ದವು. ಅದಕ್ಕಿಂತ ಕೆಟ್ಟದ್ದು ರಸ್ತೆಯ ಕಡೆಗೆ ಚಾಚಿದ ದಪ್ಪ ಕೊಂಬೆ. ಅದು ಕಾಂಡವನ್ನು ಕೂಡುವ ಕವಲಿನಲ್ಲಿ ಕೈಬೆರಳು ಹೋಗುವಂಥ ಬಿರುಕು. ಅದರ ನೇರ ಕೆಳಗೆ, ಪುಣ್ಯಾತ್ಮರು ಯಾರೋ, ಒಂದು ಸಿಮೆಂಟಿನ ಬೆಂಚು ಹಾಕಿಸಿದ್ದರು.

ಅವಳು ಬಣ್ಣದ ಡಬ್ಬ ತೆಗೆದಳು. ಬಣ್ಣ ಕಲ್ಲಾಗಿತ್ತು.

“ಇದರಲ್ಲಿ ಪಟ್ಟಿ ಬಳಿಯೋಕಾಗಲ್ಲ, ಬೇಕಾದ್ರೆ ಗೋಡೆ ಕಟ್ಟಬಹುದು,” ಎಂದ ಏಣಿಯಣ್ಣ. ಇಲಾಖೆಯ ಗಾಡಿ ಓಡಿಸುವವನೂ ಏಣಿ ಹಿಡಿಯುವವನೂ ಅವನೇ.

ಗಾಡಿಯಿಂದ ಹಿಂದಕ್ಕೆ ಚಾಚಿಕೊಂಡ ಏಣಿಯ ತುದಿಗೆ, ಹಿಂದೆ ಬರುವ ವಾಹನಗಳಿಗೆ ಕಾಣಲೆಂದು, ಒಂದು ಕೆಂಪು ಬಟ್ಟೆ ಕಟ್ಟಿರುತ್ತಾರಲ್ಲ, ಅವಳು ಅದನ್ನು ಬಿಚ್ಚಿ ಕಾಂಡಕ್ಕೆ ಸುತ್ತಿ ಬಿಗಿಯಾಗಿ ಗಂಟು ಹಾಕಿದಳು. ಕೆಂಪು ಎಂದರೆ ಕೆಂಪು. ಕಡಿಯುವ ತಂಡದವರಿಗೆ ಕಣ್ಣಿದೆ, ತಿಳಿದುಕೊಳ್ಳುತ್ತಾರೆ.

ತಿಳಿದುಕೊಳ್ಳುತ್ತಿದ್ದರು, ಬಂದಿದ್ದರೆ. ಗರಗಸದ ಯಂತ್ರ ರಿಪೇರಿಗೆ ಹೋಗಿ, ಅಲ್ಲಿ ಒಂದು ಬಿಡಿಭಾಗಕ್ಕಾಗಿ ಧ್ಯಾನಸ್ಥವಾಗಿ ಕೂತಿತ್ತು. ಅವಳು ಮತ್ತೆ ಆ ರಸ್ತೆಗೆ ಹೋಗುವಷ್ಟರಲ್ಲಿ ಕೆಂಪು ಬಟ್ಟೆಯ ಪಕ್ಕದಲ್ಲಿ ಒಂದು ನೀಲಿ ರಿಬ್ಬನ್ನು ಬಂದಿತ್ತು. ಅದರ ಕೆಳಗೆ ಗಾಯಕ್ಕೆ ಸುತ್ತುವ ಬಿಳಿ ಪಟ್ಟಿಯ ತುಂಡುಗಳು. ಕರವಸ್ತ್ರ, ಶೂಲೇಸು, ಮಗುವಿನ ಸ್ವೆಟರಿನಿಂದ ಬಿಚ್ಚಿದ ಉಣ್ಣೆದಾರ, ವಾರ್ಡಿನಲ್ಲಿ ರೋಗಿಗಳ ಮಣಿಕಟ್ಟಿಗೆ ಹಾಕುವ ಪ್ಲಾಸ್ಟಿಕ್ ಪಟ್ಟಿ. ಬೆಂಚಿನ ಮೇಲೆ ಜಾಗವಿಲ್ಲದೆ ಜನ ನೆಲದ ಮೇಲೆ ಕೂತಿದ್ದರು. ಎಲ್ಲರೂ ಬಿರುಕಿನ ಕೆಳಗೇ.

“ಮೇಡಂ,” ಎಂದ ಏಣಿಯಣ್ಣ, ಗಾಡಿಯ ವೇಗ ತಗ್ಗಿಸಿ, “ನಿಮ್ಮ ಮರಕ್ಕೆ ಸಂಸಾರ ಆಗಿಹೋಗಿದೆ.”

ಅವಳಿಗೆ ನಗು ಬರಲಿಲ್ಲ. ಆಸ್ಪತ್ರೆಯ ಹೊರಗೆ ಕಾಯುವವರಿಗೆ ಕೈಗೆ ಏನಾದರೊಂದು ಕೆಲಸ ಬೇಕು ಎಂಬುದು ಅವಳಿಗೆ ಅರ್ಥವಾಗುತ್ತಿತ್ತು. ಒಳಗೆ ತಮ್ಮವರನ್ನು ಮಲಗಿಸಿ ಹೊರಗೆ ನಿಂತವನಿಗೆ ಗಂಟು ಹಾಕುವುದೂ ಒಂದು ಕೆಲಸವೇ. ಆದರೆ ಅವಳ ಕಣ್ಣು ಗಂಟುಗಳ ಮೇಲಿರಲಿಲ್ಲ. ಬಿರುಕು ಮೊದಲಿಗಿಂತ ಅಗಲವಾಗಿದೆಯೋ, ತನಗೇ ಹಾಗೆ ಕಾಣುತ್ತಿದೆಯೋ? ಕೆಳಗಿನಿಂದ ಹೇಳಲಾಗುತ್ತಿರಲಿಲ್ಲ.

ಅವಳು ನೇರವಾಗಿ ಇಲಾಖೆಯ ಸಾಹೇಬರ ಕೋಣೆಗೆ ಹೋದಳು.

“ಗರಗಸ ಬಾಡಿಗೆಗಾದ್ರೂ ತಂದು ನಾಳೆನೇ ಕಡಿಸಿ ಸಾರ್.”

“ಏನಮ್ಮಾ ಕಡಿಸೋದು? ಈಗ ಗರಗಸ ಹಿಡ್ಕೊಂಡು ಹೋದ್ರೆ ಜನ ನಮ್ಮನ್ನೇ ಕಡೀತಾರೆ.”

“ಅದು ನಾನು ಕಟ್ಟಿದ ಬಟ್ಟೆ ಸಾರ್. ಏಣಿ ತುದಿದು.”

ಸಾಹೇಬರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು. “ಹೊರಗೆ ಬಾಯಿ ಬಿಡ್ಬೇಡ ತಾಯಿ. ನಗರಸಭೆಯವರೇ ದೇವರು ಶುರು ಮಾಡಿದ್ರು ಅಂತ ಪೇಪರ್‌ನಲ್ಲಿ ಬರುತ್ತೆ.”

ಆಮೇಲೆ ಅವರು ನಿಯಮ ಬಿಡಿಸಿ ಹೇಳಿದರು. ರೋಗವಿರುವ ಮರ ಕಡಿಯಲು ಅವರದೊಂದು ಸಹಿ ಸಾಕು. ಭಕ್ತಿಯಿರುವ ಮರ ಕಡಿಯಲು ಸಭೆ ಸೇರಬೇಕು. ಸಭೆಗೆ ಅಧ್ಯಕ್ಷರು ಬೇಕು. ಅಧ್ಯಕ್ಷರು ಬೇರೆ ಊರುಗಳಲ್ಲಿ ಚರಂಡಿಗಳು ಹೇಗೆ ಹರಿಯುತ್ತವೆಂದು ನೋಡಲು ಪ್ರವಾಸ ಹೋಗಿದ್ದರು.

“ಅಷ್ಟರೊಳಗೆ ಕೊಂಬೆ ಬಿದ್ರೆ?”

“ಬಿದ್ರೆ ಆಮೇಲೆ ಸುಲಭ...” ಎಂದವರು, ತಮ್ಮ ಮಾತು ತಮ್ಮ ಕಿವಿಗೇ ಬಿದ್ದು, ನಾಲಿಗೆ ಕಚ್ಚಿಕೊಂಡರು. “ಹಾಗಲ್ಲ. ಎಚ್ಚರಿಕೆ ಬೋರ್ಡು ಹಾಕಿಸು.”

ಬೋರ್ಡು ಹಾಕಿಸಿದಳು. ಮಾರನೆಯ ದಿನಕ್ಕೆ ಬೋರ್ಡಿನ ಕಂಬಕ್ಕೂ ಬಟ್ಟೆ ಕಟ್ಟಿದ್ದರು.

ಅಂದು ಸಂಜೆ ಅವಳು ಮನೆಗೆ ಬಂದಾಗ ಅತ್ತೆ ಅಡುಗೆಮನೆಯ ಮೇಜಿನ ಮುಂದೆ ಬಟಾಣಿ ಸುಲಿಯುತ್ತಿದ್ದರು. ಗಂಡ ದೂರದೂರಿನ ಬಸ್ಸು ಓಡಿಸುವವನು. ಮನೆಯಲ್ಲಿ ಹೆಚ್ಚಿನ ದಿನ ಈ ಇಬ್ಬರೇ. ಒಬ್ಬರಿಗೊಬ್ಬರು ಮಾತಿನಲ್ಲಿ ಚಿವುಟುತ್ತಲೇ ಒಬ್ಬರನ್ನು ಬಿಟ್ಟು ಒಬ್ಬರು ಊಟ ಮಾಡುತ್ತಿರಲಿಲ್ಲ.

“ಇವತ್ತು ಮಂಡಿ ಎಷ್ಟು ಹಗುರ ಇದೆ ಗೊತ್ತಾ?” ಎಂದರು ಅತ್ತೆ.

“ಆಸ್ಪತ್ರೆಯಲ್ಲಿ ಮಾಡಿಸೋ ವ್ಯಾಯಾಮದ ಫಲ ಬಿಡಿ ಅತ್ತೆ.”

“ವ್ಯಾಯಾಮ ಮಾಡ್ಸೋ ಆ ಹುಡುಗಿ ಒಂದು ಕೈಲಿ ಫೋನು, ಇನ್ನೊಂದು ಕೈಲಿ ನನ್ನ ಕಾಲು ಹಿಡ್ಕೊಂಡಿರ್ತಾಳೆ. ಯಾವುದನ್ನ ಒತ್ತಬೇಕು ಅಂತ ಅವಳಿಗೇ ಗೊತ್ತಿರಲ್ಲ. ಅದರದ್ದಲ್ಲ ಕಣೇ. ಮರದ್ದು.”

ಸೊಸೆಯ ಕೈಯಲ್ಲಿದ್ದ ನೀರಿನ ಲೋಟ ಅಲ್ಲೇ ನಿಂತಿತು. “ಯಾವ ಮರ?”

“ಗೇಟಿನೆದುರಿಗಿದೆಯಲ್ಲ. ವ್ಯಾಯಾಮ ಮುಗಿದ ಮೇಲೆ ಬೆಂಚಿನ ಮೇಲೆ ಒಂದು ಗಂಟೆ ಕೂರ್ತೀನಿ. ಸಂಜೆ ಆಗ್ತಿದ್ದ ಹಾಗೆ ಎಲೆ ಎಲ್ಲ ಮಡಚ್ಕೊಂಡು ಕೈಮುಗಿಯುತ್ತೆ. ನಾವು ಅದಕ್ಕೆ ಮುಗಿಯೋದು ಹಾಗಿರಲಿ, ಅದೇ ನಮಗೆ ಮುಗಿಯುತ್ತೆ. ಅಂಥ ವಿನಯ ನಿನ್ನ ಗಂಡನಿಗೂ ಇಲ್ಲ.”

“ಅತ್ತೆ, ಮಳೆಮರದ ಎಲೆ ಕತ್ತಲಾದ್ರೆ ಮಡಚ್ಕೊಳ್ಳುತ್ತೆ, ಮೋಡ ಆದ್ರೂ ಮಡಚ್ಕೊಳ್ಳುತ್ತೆ. ಅದರ ಸ್ವಭಾವ ಅದು. ಆ ಮರ ಒಳಗೆಲ್ಲ ಪೊಳ್ಳು. ಕೊಂಬೆ ಸೀಳಿದೆ. ನೀವು ಅಲ್ಲಿ ಕೂರ್ಬೇಡಿ.”

“ನೀನು ಯಾವ ಮರ ನೋಡಿದ್ರೂ ರೋಗ ಅಂತೀಯ. ಡಾಕ್ಟ್ರುಗಳ ಹಣೆಬರಹವೇ ಅಷ್ಟು.”

ಆಗ ಅವಳು ಕೊನೆಯ ಅಸ್ತ್ರ ಬಿಟ್ಟಳು. “ಆ ಮೊದಲನೇ ಬಟ್ಟೆ ಕಟ್ಟಿದ್ದು ನಾನು! ಕಡಿಯೋ ಮರ ಅಂತ ಗುರುತಿಗೆ. ಏಣಿ ತುದಿ ಬಟ್ಟೆ ಅದು.”

ಅತ್ತೆಯ ಬೆರಳುಗಳು ಬಟಾಣಿಯ ಮೇಲೆ ನಿಂತವು. ಸೊಸೆಯನ್ನು ಮೊದಲ ಸಲ ನೋಡುವವರಂತೆ ನೋಡಿದರು.

“ನೀನಾ?”

“ನಾನೇ.”

“ಕಡಿಯೋಕೆ ಅಂತ ಹೋದವಳ ಕೈಯಲ್ಲೇ ಕಟ್ಟಿಸ್ಕೊಳ್ತು ಅಂದ್ರೆ,” ಎಂದರು ಅತ್ತೆ, ದನಿ ತಗ್ಗಿಸಿ, “ಅದೆಂಥ ಮರ ಇರ್ಬೇಕು!”

ಅಲ್ಲಿಂದ ಮುಂದೆ ಗಾಳಿ ಬೀಸಿದರೆ ಸಾಕು, ಅವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸುತ್ತಿದ್ದಳು. ಬೇರೆ ಬೀದಿಯಲ್ಲಿ ಮರ ಬಡಿಯುವಾಗಲೂ ಕಿವಿ ಆಸ್ಪತ್ರೆಯ ಕಡೆಗೆ. ಆಂಬುಲೆನ್ಸಿನ ಸದ್ದು ಕೇಳಿದರೆ ಕೊಡತಿ ಕೆಳಗಿಡುತ್ತಿದ್ದಳು. ನಿಜ ಹೇಳಬೇಕೆಂದರೆ, ಕೊಂಬೆ ಯಾವಾಗ ಬೀಳುತ್ತದೆಂದು ಅವಳಿಗೂ ಗೊತ್ತಿರಲಿಲ್ಲ. ನಾಳೆ ಬೀಳಬಹುದು, ಇನ್ನೊಂದು ವರ್ಷ ಹಾಗೇ ತೂಗಬಹುದು. ಇದೇ ಅವಳ ವಾದಕ್ಕಿದ್ದ ದೊಡ್ಡ ಕುಂದು. ನಿತ್ಯ ಬೀಳುತ್ತೆ ಬೀಳುತ್ತೆ ಎನ್ನುವವಳಿಗಿಂತ ನಿತ್ಯ ಬೀಳದೆ ನಿಂತ ಮರದ ಮೇಲೆ ಜನಕ್ಕೆ ನಂಬಿಕೆ ಹೆಚ್ಚು.

ದಿನಾ ಬೆಳಗ್ಗೆ ಹೋಗಿ ಕಾಂಡ ಬಡಿದು ನೋಡತೊಡಗಿದಳು. ಪೊಳ್ಳು ಎಷ್ಟು ಮೇಲೆ ಏರಿದೆ ಎಂಬುದು ಅವಳ ಚಿಂತೆ. ಅವಳು ಬಡಿದು, ಕಿವಿಯಿಟ್ಟು, ಕಣ್ಣುಮುಚ್ಚಿ ಕೇಳುವುದನ್ನು ಜನ ಗೌರವದಿಂದ ನೋಡಿದರು. ಎರಡು ಮೂರು ದಿನ ಕಳೆದ ಮೇಲೆ ಅವಳು ಹೋದಾಗ ಸಾಲಾಗಿ ನಿಂತ ಜನ ಒಬ್ಬೊಬ್ಬರೇ ಬೆರಳ ಗೆಣ್ಣಿನಿಂದ ಕಾಂಡ ತಟ್ಟಿ, ಕಿವಿಯಿಟ್ಟು, ಕಣ್ಣುಮುಚ್ಚುತ್ತಿದ್ದರು. ಒಬ್ಬ ಹಿರಿಯರು ಊರುಗೋಲಿನಿಂದಲೇ ಬಾರಿಸುತ್ತಿದ್ದರು.

“ಏನು ಮಾಡ್ತಿದ್ದೀರಿ ನೀವೆಲ್ಲ?” ಎಂದು ಕೂಗಿದಳು.

“ನೀವು ಮಾಡಿದ್ದೇ,” ಎಂದಳು ಸಾಲಿನಲ್ಲಿದ್ದ ಒಬ್ಬ ನರ್ಸಮ್ಮ. “ಗಟ್ಟಿಯಾಗಿ ತಟ್ಟಬೇಕೋ ಮೆಲ್ಲಗೋ? ಇಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ.”

ಪಂಥಗಳು ಹುಟ್ಟುವುದಕ್ಕೆ ಇಷ್ಟು ಸಾಕು. ಅವಳು ಸೋತು ಪ್ರೊಫೆಸರರ ಬಾಗಿಲು ತಟ್ಟಿದಳು, ಮೆಲ್ಲಗೇ.

ಪ್ರೊಫೆಸರ್ ಅವಳ ಮನೆಯ ಕೆಳಗಿನ ಮಹಡಿಯವರು. ಆಯುಷ್ಯವಿಡೀ ಜಗತ್ತಿನ ಧರ್ಮಗಳನ್ನು ಹೋಲಿಸಿ ಪಾಠ ಹೇಳಿ, ಯಾವುದಕ್ಕೂ ಸೇರದೆ ಉಳಿದವರು. ‘ನೀವು ಹೇಳಿದರೆ ಅತ್ತೆ ಕೇಳುತ್ತಾರೆ’ ಎಂದು ಅವಳು ಅವರನ್ನು ಮರದ ಬಳಿಗೆ ಕರೆದೊಯ್ದಳು. ಅದು ಅವಳ ಎರಡನೆಯ ತಪ್ಪು.

ಅವರು ಕತ್ತೆತ್ತಿ ನೋಡಿ ಮುಖ ಸಿಂಡರಿಸಿದರು. “ಮಳೆಮರ! ಇದಕ್ಕೆ ಯಾವ ಧರ್ಮದಲ್ಲೂ ವಿಳಾಸ ಇಲ್ಲವಲ್ಲಮ್ಮ,” ಎಂದರು, ಕರೆಯದೆ ಮದುವೆಗೆ ಬಂದವನನ್ನು ಕಂಡಂತೆ. ಆದರೆ ಜನ ಸುತ್ತ ನಿಂತಿದ್ದರು, ಕೇಳುವ ಮುಖಗಳಿದ್ದವು. ಅಂಥ ಮುಖಗಳನ್ನು ಅವರು ಕಂಡು ವರ್ಷಗಳಾಗಿದ್ದವು. ಗಂಟಲು ಸರಿಮಾಡಿಕೊಂಡರು. ಅರಳಿಯ ಕೆಳಗೆ ಕೂತ ರಾಜಕುಮಾರನಿಗೆ ಅರಿವು ಬಂದದ್ದು, ಒಂಟಿ ತಾಯಿಯೊಬ್ಬಳು ಖರ್ಜೂರದ ಮರಕ್ಕೆ ಒರಗಿ ಹೆರಿಗೆ ನೋವು ತಿಂದದ್ದು, ಸಿಡಿಲಿನ ದೇವರಿಗೆ ಓಕ್ ಮರ ಮನೆಯಾದದ್ದು, ಪ್ರಳಯದ ನೀರಿನ ಮೇಲೆ ಹಾರಿಹೋದ ಪಾರಿವಾಳ ಆಲಿವ್ ಚಿಗುರು ತಂದದ್ದು, ಬೇರು ಪಾತಾಳದಲ್ಲಿ ತಲೆ ಸ್ವರ್ಗದಲ್ಲಿ ಇಟ್ಟು ಮೂರು ಲೋಕಗಳನ್ನು ಹೊತ್ತುನಿಂತ ಮರ, ಬೇರು ಮೇಲಾಗಿ ಕೊಂಬೆ ಕೆಳಗಾದ ಮರ, ಎಲ್ಲವೂ ಬಂದವು. ಬಟ್ಟೆ ಕಟ್ಟುವುದು ಭೂಮಿಯ ಎಷ್ಟೋ ಮೂಲೆಗಳಲ್ಲಿ ಇದೆಯೆಂದೂ, ಒಬ್ಬರಿಗೊಬ್ಬರು ಹೇಳಿಕೊಡದೆಯೇ ಮನುಷ್ಯರು ಅದನ್ನು ಕಂಡುಕೊಂಡಿರಬಹುದೆಂದೂ ಹೇಳಿದರು. ಕೇಳಿದವರ ಕಣ್ಣು ಒದ್ದೆಯಾಯಿತು. ಬಿರುಕಿನ ವಿಷಯ ಹೇಳಲು ಅವರಿಗೆ ಮರೆತೇಹೋಯಿತು. ಮಾರನೆಯ ದಿನ ಜನ ಇಮ್ಮಡಿಯಾದರು.

“ಸಾರ್, ನಾನು ನಿಮ್ಮನ್ನ ಕರೆದದ್ದು ಜನರನ್ನ ಓಡಿಸೋಕೆ!” ಎಂದಳು ಅವಳು, ಅಳು ಬರುವ ಹಾಗಾಗಿ. ಅವರ ಕೋಣೆಯಲ್ಲಿ ಪುಸ್ತಕಗಳ ನಡುವೆ ಒಂದು ಕುರ್ಚಿಗೆ ಮಾತ್ರ ಜಾಗವಿತ್ತು; ಅವಳು ನಿಂತೇ ಇದ್ದಳು. “ಬಿದ್ರೆ ಮೊದಲು ಬೀಳೋದು ನಮ್ಮ ಅತ್ತೆ ಮೇಲೆ. ಮಂಡಿ ನೋವಿನವರು, ಎದ್ದು ಓಡೋಕೂ ಆಗಲ್ಲ.”

ಪ್ರೊಫೆಸರ್ ನಿಜಕ್ಕೂ ನಾಚಿದರು. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

“ಪವಿತ್ರವಾದದ್ದಕ್ಕೆ ಎರಡು ಮುಖ ಕಣಮ್ಮ. ಒಂದು, ಹತ್ತಿರ ಬಾ ಅನ್ನುತ್ತೆ. ಇನ್ನೊಂದು, ದೂರ ನಿಲ್ಲು ಅನ್ನುತ್ತೆ. ನಾನು ಮೊದಲನೇದು ಮಾತ್ರ ಹೇಳ್ದೆ. ಹಿಂದೆ ಒಂದು ಜನಾಂಗದವರು ತಮ್ಮ ದೇವರ ಕಾಡಿಗೆ ಮೈಗೆ ಹಗ್ಗದ ಕಟ್ಟು ಹಾಕಿಸ್ಕೊಂಡೇ ಹೋಗ್ತಿದ್ರಂತೆ. ಎಡವಿ ಬಿದ್ರೆ ಏಳೋ ಹಾಗಿಲ್ಲ, ಉರುಳ್ಕೊಂಡೇ ಹೊರಗೆ ಬರ್ಬೇಕು. ಅಷ್ಟು ಭಯ. ಮೊಟ್ಟಮೊದಲ ತೋಟದಲ್ಲೇ ಒಂದು ಮರದ ಹತ್ತಿರ ಹೋಗ್ಬೇಡಿ ಅಂದಿರಲಿಲ್ವಾ?”

“ಅಂದಿದ್ರು. ಹೋದ್ರಲ್ಲ!”

“ಹೌದು,” ಎಂದು ಯೋಚಿಸಿದರು ಪ್ರೊಫೆಸರ್. “ಬೇಲಿ ಹಾಕಿರಲಿಲ್ಲ.”

ಬೇಲಿ ಹಾಕಿದರು. ಏಣಿಯಣ್ಣ ರಸ್ತೆ ಅಗೆಯುವಾಗ ಇಡುವ ಕಬ್ಬಿಣದ ಗೂಟಗಳನ್ನು ತಂದು, ಕೊಂಬೆಯ ನೆರಳಿನ ಆಚೆಗೆ ಸುತ್ತಲೂ ನಿಲ್ಲಿಸಿ, ಹಗ್ಗ ಎಳೆದ. ಪ್ರೊಫೆಸರ್ ಹಗ್ಗದ ಹೊರಗೆ ನಿಂತು, ದೊಡ್ಡ ಮರಗಳ ನೆರಳನ್ನು ತುಳಿಯುವುದು ಅವಕ್ಕೆ ಅಪಚಾರವೆಂದು ಹಿಂದಿನವರು ಎಷ್ಟೋ ಕಡೆ ನಂಬಿದ್ದರು ಎಂದರು. ಸುಳ್ಳಲ್ಲ, ಎಲ್ಲಿ ಎಂದು ಹೇಳಲಿಲ್ಲ, ಅಷ್ಟೆ. ಎಚ್ಚರಿಕೆ ಬೋರ್ಡಿಗೆ ಬಗ್ಗದ ಜನ ಇದಕ್ಕೆ ತಟ್ಟನೆ ಹಿಂದೆ ಸರಿದರು. ಬಟ್ಟೆಗಳನ್ನು ಹಗ್ಗಕ್ಕೆ ಕಟ್ಟತೊಡಗಿದರು. ತಟ್ಟುವವರು ಗೂಟ ತಟ್ಟಿದರು. ಸದ್ದು ಚೆನ್ನಾಗಿಯೇ ಬರುತ್ತಿತ್ತು.

ಟಕ್‌ಟಕ್ ಮೇಡಂ ಬಹಳ ದಿನಗಳ ಮೇಲೆ ಮಧ್ಯಾಹ್ನದ ಡಬ್ಬಿಯನ್ನು ಪೂರ್ತಿ ಖಾಲಿ ಮಾಡಿದಳು. ಡಬ್ಬಿ ಮುಚ್ಚಿ ಕತ್ತೆತ್ತಿದರೆ ಬೆಂಚಿನ ಮೇಲೆ ಅತ್ತೆ ಕೂತಿದ್ದರು. ಒಬ್ಬರೇ. ಹಗ್ಗದ ಒಳಗೆ.

“ಅವರು ಹೇಗೆ ಒಳಗೆ ಹೋದ್ರು?” ಎಂದು ಹಗ್ಗದ ಬಳಿ ನಿಂತವರನ್ನು ಕೇಳಿದಳು.

“ಅವರು ಹೋಗಬಹುದು,” ಎಂದರು ಊರುಗೋಲಿನ ಹಿರಿಯರು. “ಮೊದಲನೇ ಬಟ್ಟೆ ಕಟ್ಟಿದವಳ ಅತ್ತೆಯಂತೆ ಅವರು. ನಾವೇ ಹಗ್ಗ ಎತ್ತಿ ಬಿಟ್ವಿ.”

ಅಡುಗೆಮನೆಯ ಮಾತು ಆಸ್ಪತ್ರೆಯ ಗೇಟು ಮುಟ್ಟಿತ್ತು. ಅತ್ತೆ ಅದನ್ನು ಯಾರಿಗೂ ಹೇಳಿರಲಿಲ್ಲವಂತೆ, ಪಕ್ಕದಲ್ಲಿ ಕೂತವರಿಗೆ ಬಿಟ್ಟು. ಈಗ ಹೊರಗಿದ್ದವರೆಲ್ಲ ತಮ್ಮ ತಮ್ಮ ಬಟ್ಟೆಯ ತುಂಡುಗಳನ್ನು ಅವರ ಕೈಗೆ ಕೊಟ್ಟು ಒಳಗೆ ಕಟ್ಟಲು ಕಳಿಸುತ್ತಿದ್ದರು. ಇಡೀ ಊರನ್ನು ಆ ಕೊಂಬೆಯ ಕೆಳಗಿಂದ ದೂರ ಸರಿಸಿ ಅವಳು ಒಬ್ಬರನ್ನು ಮಾತ್ರ ಉಳಿಸಿಕೊಂಡಿದ್ದಳು, ಯಾರಿಗಾಗಿ ಇಷ್ಟೆಲ್ಲ ಮಾಡಿದ್ದಳೋ ಅವರನ್ನು.

ಹಗ್ಗದಾಚೆಯಿಂದ ಕೂಗಿದಳು. “ಅತ್ತೆ, ಹೊರಗೆ ಬನ್ನಿ!”

“ತಡಿಯೇ, ಕೆಲಸ ಇದೆ.” ಮಡಿಲಲ್ಲಿ ಬಟ್ಟೆಯ ರಾಶಿ.

“ಕೊಂಬೆಯ ಭಾರ ಎಲ್ಲ ತುದಿಯಲ್ಲಿದೆ ಅತ್ತೆ, ಕವಲು ತಡೆಯಲ್ಲ, ನಾರು ಬಿಟ್ಕೊಂಡಿದೆ...”

“ಹೂಂ ಹೂಂ.”

ಮಧ್ಯಾಹ್ನ ಅದು. ಗಾಳಿಯೇ ಇರಲಿಲ್ಲ. ಸೆಕೆಗೆ ರಸ್ತೆಯ ಡಾಂಬರು ಮೆತ್ತಗಾಗಿತ್ತು. ಪಡುವಣದಲ್ಲಿ ಮೋಡ ಎದ್ದು ಬೆಳಕು ಸ್ವಲ್ಪ ಸ್ವಲ್ಪವೇ ಕಂದತೊಡಗಿತು. ಹಗ್ಗದ ಸುತ್ತ ನಿಂತವರ ದನಿ ತಾನಾಗಿ ಇಳಿಯಿತು: ಮೇಲೆ, ಸಂಜೆಗೆ ಇನ್ನೂ ಹೊತ್ತಿರುವಾಗಲೇ, ಎಲೆಗಳು ಒಂದೊಂದಾಗಿ ಮಡಚಿಕೊಳ್ಳುತ್ತಿದ್ದವು. ಜನ ಕೈ ಜೋಡಿಸಿದರು. ಅವಳು ಮಾತ್ರ ಎಲೆ ನೋಡಲಿಲ್ಲ. ಕವಲಿನಿಂದ ಒಂದು ಸದ್ದು ಬಂದಂತಿತ್ತು, ಹಳೆಯ ಬಾಗಿಲು ತುಸುವೇ ಅಲುಗಿದಂತೆ. ಇನ್ಯಾರಿಗೂ ಕೇಳಿಸಿದ ಹಾಗಿರಲಿಲ್ಲ.

ಹಗ್ಗ ಎತ್ತಿ ಒಳಗೆ ನುಗ್ಗಿದಳು. ಯಾರೂ ತಡೆಯಲಿಲ್ಲ, ಅವಳಿಗೆ ಹಕ್ಕಿತ್ತು. ಅತ್ತೆಯನ್ನು ಎಳೆದೊಯ್ಯಬೇಕೆಂದುಕೊಂಡು ಹೋದವಳು, ಆ ಮಂಡಿಗಳನ್ನು ನೋಡಿ, ಎಳೆಯಲಾಗದೆ, ಬೆಂಚಿನ ಮೇಲೆ ಅವರ ಪಕ್ಕದಲ್ಲಿ ಕೂತುಬಿಟ್ಟಳು. ಹೇಳಬೇಕಾದ ಮಾತೆಲ್ಲ ಹೇಳಿ ಮುಗಿದಿತ್ತು. ಬಿರುಕು ಈಗ ನೆತ್ತಿಯ ಮೇಲೆ. ಇಷ್ಟು ದಿನ ಕೆಳಗೆ ನಿಂತು ನೋಡುತ್ತಿದ್ದಳು, ಕೂತು ನೋಡಿರಲಿಲ್ಲ. ಕೈ ನಡುಗತೊಡಗಿತು. ಕೊಡತಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕೊಡತಿಯೂ ನಡುಗಿತು.

ಅತ್ತೆ ಗಂಟು ಹಾಕುತ್ತಿದ್ದವರು ತಿರುಗಿ ನೋಡಿದರು. ಏಣಿಯ ತುದಿಯಲ್ಲಿ ಒಂಟಿಕಾಲಲ್ಲಿ ನಿಂತು ಮರ ಬಡಿಯುವ ಸೊಸೆ. ಅವಳ ಕೈ ನಡುಗಿದ್ದನ್ನು ಅವರು ಎಂದೂ ಕಂಡಿರಲಿಲ್ಲ.

“ಏನೇ ಇದು? ನಿಜವಾಗ್ಲೂ ಹೆದರಿದ್ದೀಯಾ?”

“ಹೂಂ ಅತ್ತೆ.”

“ನನಗೇನಾದ್ರೂ ಆಗುತ್ತೆ ಅಂತಲಾ?”

ಅವಳು ಹೌದೆಂದು ತಲೆಯಾಡಿಸಿದಳು.

“ಅದನ್ನ ಮೊದಲೇ ಹೇಳೋಕೇನು ದಾಡಿ? ಪೊಳ್ಳು, ಕವಲು, ನಾರು, ಭಾರ ಅಂತ ಬರೀ ಆಫೀಸಿನ ಮಾತಾಡ್ತಿದ್ದೆ. ನನಗೆ ಭಯ ಆಗ್ತಿದೆ ಅತ್ತೆ ಅಂತ ಒಂದು ಸಲ ಅಂದ್ಯಾ?” ಅತ್ತೆ ಮಡಿಲಿನ ಬಟ್ಟೆಗಳನ್ನೆಲ್ಲ ಬಾಚಿ ಸೆರಗಿಗೆ ತುಂಬಿಕೊಂಡರು. “ನಾನು ಇಲ್ಲಿ ದಿನಾ ಕೂತು ಏನು ಬೇಡ್ಕೋತೀನಿ ಅಂದ್ಕೊಂಡೆ? ಬರೀ ಮಂಡಿನಾ? ಹಾಳಾದ್ದು ಆ ಏಣಿ ಮೇಲಿಂದ ನೀನು ಬೀಳದೆ ಇರ್ಲಿ ಅಂತ. ಈಗ ನೀನೇ ಬಂದು ಇದರ ಕೆಳಗೆ ಕೂತ್ರೆ ಬೇಡ್ಕೊಂಡು ಏನು ಸುಖ? ಏಳು. ಕೈ ಕೊಡು. ಎಳೀಬೇಡ, ಮೆಲ್ಲಗೆ.”

ಮೆಲ್ಲಗೆ ಎದ್ದರು. ಮೆಲ್ಲಗೆ ನಡೆದರು. ಬೆಂಚಿನಿಂದ ಹಗ್ಗದವರೆಗಿನ ದಾರಿ ಅಷ್ಟು ಉದ್ದವಿದೆಯೆಂದು ಹಗ್ಗ ಎಳೆಸಿದವಳಿಗೇ ಗೊತ್ತಿರಲಿಲ್ಲ. ನಡುವೆ ಅತ್ತೆ ಚಪ್ಪಲಿ ಸರಿಮಾಡಿಕೊಳ್ಳಲು ನಿಂತರು. ಅವಳು ಉಸಿರು ಬಿಗಿಹಿಡಿದು ಕಾದಳು. ಊರುಗೋಲಿನ ಹಿರಿಯರು ಹಗ್ಗ ಎತ್ತಿ ಹಿಡಿದರು.

ಹೊರಗೆ ಬಂದ ಅತ್ತೆ ಜನರ ಕಡೆಗೆ ತಿರುಗಿ, “ಇನ್ನು ಯಾರೂ ಒಳಗೆ ಹೋಗೋ ಹಾಗಿಲ್ಲ. ನಾನೂ ಹೋಗಲ್ಲ,” ಎಂದರು. ಯಾಕೆಂದು ಯಾರೋ ಕೇಳಿದರು. “ನನ್ನ ಸೊಸೆಗೆ ಭಯ ಆಗುತ್ತೆ,” ಎಂದರು. ಆ ಗೇಟಿನ ಮುಂದೆ ನಿಂತವರಿಗೆಲ್ಲ ಆ ಕಾರಣ ಅರ್ಥವಾಗುವಂಥದ್ದೇ ಆಗಿತ್ತು.

ಅಂದು ಮಳೆ ಬಂತು, ಕೊಂಬೆ ಬೀಳಲಿಲ್ಲ. ಮರುದಿನವೂ ಬೀಳಲಿಲ್ಲ. ಸಾಹೇಬರು ಅವಳನ್ನು ಕರೆದು, ‘ನೋಡಿದೆಯಾ?’ ಎಂಬಂತೆ ಹುಬ್ಬು ಹಾರಿಸಿದರು. ಭಾನುವಾರ ಬೆಳಗ್ಗೆ, ಗಾಳಿಯಿಲ್ಲದಿರುವಾಗ, ಕೊಂಬೆ ಬಿತ್ತು. ಬೆಂಚು ಎರಡು ತುಂಡಾಯಿತು. ಯಾರಿಗೂ ಪೆಟ್ಟಾಗಲಿಲ್ಲ.